ಆಟದ ಅಂಗಳ: ಓದುಗರ ಪ್ರಶ್ನೆ, ಕೋಚ್ ಉತ್ತರ

ಪ್ರಶ್ನೆ: ಮಗನಿಗೆ ಇಪ್ಪತ್ತೆರಡು, ವಿಕೆಟ್ ಕೀಪರ್. ನೆಹರೂ ಮೈದಾನದಲ್ಲಿ ಒಳ್ಳೆಯ ಹೆಸರಿದೆ. ಆದರೆ ವಲಯ ತಂಡದಿಂದ ಮೇಲೆ ಹತ್ತಲಾಗಿಲ್ಲ. ಈಶಾನ್ಯದ ರಾಜ್ಯವೊಂದಕ್ಕೆ ಆಡಲು ಹೋಗುತ್ತೇನೆ ಎನ್ನುತ್ತಾನೆ. ಹೀಗೆ ಊರೂರು ಅಲೆದರೆ ಬೆಲೆ ಇರುತ್ತದೆಯೇ?
— ಒಬ್ಬ ತಂದೆ, ಸುರತ್ಕಲ್

ಉತ್ತರ: ಅಲೆಯುವುದು ಅಂತ ಯಾಕೆ ಹೇಳ್ತೀರಿ ಮಾರಾಯ್ರೇ? 1939ರಲ್ಲಿ ನಮ್ಮ ಈ ಕಡೆಯಲ್ಲೇ ಹುಟ್ಟಿದ ಬುಧಿ ಕುಂದರನ್ ಕೂಡ ಕೀಪರೇ. 1960ರಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್‌ಗೆ ಇಳಿದಾಗ ಅವರಿನ್ನೂ ರಣಜಿಯನ್ನೇ ಆಡಿರಲಿಲ್ಲ. ಆಮೇಲೆ ರೈಲ್ವೇಸ್, ಮುಂದೆ ಮೈಸೂರು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192. ಆ ಸರಣಿಯಲ್ಲಿ ಒಟ್ಟು 525 ರನ್. ಅಷ್ಟಾದರೂ ಜಾಗ ಗಟ್ಟಿಯಾಗಲಿಲ್ಲ, ಪೈಪೋಟಿಗೆ ಫಾರೂಖ್ ಎಂಜಿನಿಯರ್ ಇದ್ದರಲ್ಲ! ಬ್ಯಾಟರ್‌ಗಳಿಗೆ ಐದಾರು ಜಾಗ, ಕೀಪರಿಗೆ ಒಂದೇ. 1967ರ ಎಜ್‌ಬಾಸ್ಟನ್ ಟೆಸ್ಟಿನಲ್ಲಂತೂ ಗ್ಲೌಸ್ ಎಂಜಿನಿಯರ್ ಕೈಯಲ್ಲಿ, ಹೊಸ ಚೆಂಡು ಕುಂದರನ್ ಕೈಯಲ್ಲಿ. ಕೀಪರನೇ ಬೌಲಿಂಗ್ ಆರಂಭಿಸಿದ! 18 ಟೆಸ್ಟಿಗೆ ಮುಗಿಯಿತು. ಸ್ಕಾಟ್ಲೆಂಡಿಗೆ ಹೋಗಿ ಡ್ರಂಪೆಲಿಯರ್ ಕ್ಲಬ್ಬಿನ ವೃತ್ತಿಪರ ಆಟಗಾರರಾದರು, ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು, 2006ರಲ್ಲಿ ಗ್ಲಾಸ್ಗೋದಲ್ಲೇ ತೀರಿಕೊಂಡರು.

ಈಗಿನ ಲೆಕ್ಕ ಬೇರೆ. 2018-19ರಲ್ಲಿ ರಣಜಿಗೆ ಒಂಬತ್ತು ಹೊಸ ತಂಡಗಳು ಬಂದವು. ಒಂದು ತಂಡ ಹೊರಗಿನಿಂದ ಮೂವರು ವೃತ್ತಿಪರರನ್ನು ತೆಗೆದುಕೊಳ್ಳಬಹುದು. ವಿನಯ್ ಕುಮಾರ್ ಪುದುಚೇರಿಗೆ, ಸ್ಟುವರ್ಟ್ ಬಿನ್ನಿ ನಾಗಾಲ್ಯಾಂಡಿಗೆ ಹೋದದ್ದು ಹಾಗೆ. ಕರುಣ್ ನಾಯರ್ 2023ರಲ್ಲಿ ವಿದರ್ಭಕ್ಕೆ ಹೋಗಿ, ಅಲ್ಲಿನ ರನ್ನುಗಳಿಂದಲೇ 2025ರಲ್ಲಿ ಮತ್ತೆ ಭಾರತ ತಂಡ ಸೇರಿದರು. ಆದರೆ ಇವರೆಲ್ಲ ಕರ್ನಾಟಕಕ್ಕೆ ಆಡಿ ಹೆಸರಾದ ಮೇಲೆ ಹೋದವರು. ಆ ಮೂರು ಜಾಗ ಇರುವುದು ಅಂಥವರಿಗೆ. ಲೀಗ್ ರನ್ನಿಗೆ ಅಲ್ಲಿ ಯಾರೂ ಕಾದು ಕೂತಿಲ್ಲ. ಮಗ ಮೊದಲು ಬೆಂಗಳೂರಿನ ಕ್ಲಬ್ ಕ್ರಿಕೆಟ್‌ನಲ್ಲಿ ಎರಡು ವರ್ಷ ಆಡಲಿ, ಕೀಪಿಂಗ್ ಇಲ್ಲದೆಯೂ ಜಾಗ ಸಿಗುವಷ್ಟು ಬ್ಯಾಟಿಂಗ್ ಬೆಳೆಸಿಕೊಳ್ಳಲಿ. ಆಮೇಲೆ ಕರೆ ಬಂದರೆ ರಾಜ್ಯ ಸಂಸ್ಥೆಯ ಎನ್‌ಒಸಿ ತೆಗೆದುಕೊಂಡೇ ಹೊರಡಲಿ. ದುಡ್ಡು ಕೊಟ್ಟರೆ ತಂಡಕ್ಕೆ ಸೇರಿಸುತ್ತೇನೆ ಎನ್ನುವ ದಲ್ಲಾಳಿ ಮನೆಗೆ ಬಂದರೆ ಚಹಾ ಕೂಡ ಕೊಡಬೇಡಿ.

ಪ್ರಶ್ನೆ: ಟೆನಿಸ್ ಬಾಲ್ ಟೂರ್ನಿ ಆಡಿದರೆ ಕೀಪಿಂಗ್ ಕೆಡುತ್ತದೆಯೇ ಸರ್?
— ವಿದ್ಯಾರ್ಥಿ, ಉಳ್ಳಾಲ

ಉತ್ತರ: ಕಣ್ಣು ಚುರುಕಾಗುತ್ತದೆ, ಮಂಡಿ ಕೆಡುತ್ತದೆ. ಆ ಚೆಂಡು ಪುಟಿಯುವುದು ಜಾಸ್ತಿ. ಕೀಪರ್ ಬೇಗ ಎದ್ದು ನಿಲ್ಲುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಲೆದರ್ ಚೆಂಡಿನ ಪಂದ್ಯಕ್ಕೆ ಹತ್ತು ದಿನ ಇರುವಾಗಲೇ ಅದನ್ನು ನಿಲ್ಲಿಸು.