ಬಚ್ಚಲ ನೀರು, ಶೌಚದ ಗುಂಡಿ ಮತ್ತು ಊರಿನ ಆರೋಗ್ಯ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ನೀರು ಕೊಡದಲ್ಲಿ ಮನೆಗೆ ಬರುತ್ತಿತ್ತು. ಬಚ್ಚಲಿನಿಂದ ಹೊರಬಿದ್ದ ಅಲ್ಪ ನೀರನ್ನು ಹಿತ್ತಲಿನ ಬಾಳೆಯೇ ಕುಡಿದು ಮುಗಿಸುತ್ತಿತ್ತು. ಈಗ ನಳ ಮನೆಯೊಳಗೆ ಬಂದಿದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಗುರಿ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್, ಅಂದರೆ ಐವರ ಮನೆಗೆ 275 ಲೀಟರ್ ನೀರು. ಇದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೊಳೆನೀರಾಗಿ ಹೊರಬರುತ್ತದೆ. ನೂರು ಮನೆಗಳ ಊರಿಗೆ ಅದು ದಿನಕ್ಕೆ 22,000 ಲೀಟರ್. ಬರುವ ನೀರಿಗೆ ಕೊಳವೆ ಹಾಕಿಸಿದ ನಾವು ಹೋಗುವ ನೀರಿಗೂ ದಾರಿ ಕಾಣಿಸಬೇಕಲ್ಲವೇ?

ನಿಂತ ಗಟಾರದಲ್ಲಿ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುತ್ತದೆ. ಮಲ ಬೆರೆತ ನೀರು ಬಾವಿಗೆ ಅಥವಾ ಒಡೆದ ಕೊಳವೆಗೆ ಸೇರಿದರೆ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆ ತಪ್ಪಿದ್ದಲ್ಲ. ಧರ್ಮಾ, ವರದಾ, ಕುಮುದ್ವತಿಗಳೆಲ್ಲ ಕೊನೆಗೆ ತುಂಗಭದ್ರೆಯನ್ನು ಸೇರುತ್ತವೆ. ನಾವು ಹರಿಯಬಿಟ್ಟ ಕೊಳೆ ಕೆಳಗಿನ ಊರಿನವರ ಕೊಡಕ್ಕೆ ಸೇರುತ್ತದೆ.

ಕೊಳೆನೀರಿನಲ್ಲಿ ಎರಡು ಬಗೆ. ಸ್ನಾನ, ಪಾತ್ರೆ, ಬಟ್ಟೆಗಳ ನೀರು ಬೂದುನೀರು; ಶೌಚದ ನೀರು ಕಪ್ಪುನೀರು. ಇವೆರಡನ್ನೂ ಕೂಡಿಸದಿರುವುದೇ ಮೊದಲ ಪಾಠ. ಬಚ್ಚಲ ನೀರನ್ನು ಶೌಚದ ಗುಂಡಿಗೆ ಬಿಟ್ಟರೆ ಅದು ಬೇಗನೆ ತುಂಬಿ ಉಕ್ಕುತ್ತದೆ.

ಬೂದುನೀರಿಗೆ ಬಚ್ಚಲುಗುಂಡಿ ಸಾಕು. ಸುಮಾರು ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ಕೆಳಗೆ ದೊಡ್ಡ ಕಲ್ಲು, ಮೇಲೆ ಸಣ್ಣ ಕಲ್ಲು ತುಂಬಬೇಕು. ಕಸ ಹಾಗೂ ಜಿಡ್ಡನ್ನು ತಡೆಯಲು ಬಾಯಿಗೆ ಒಂದು ಸಣ್ಣ ತೊಟ್ಟಿ ಕಟ್ಟಿ, ವಾರಕ್ಕೊಮ್ಮೆ ಶುಚಿಮಾಡಬೇಕು. ಮಸಾರಿ ನೆಲದಲ್ಲಿ ನೀರು ಸುಲಭವಾಗಿ ಇಂಗುತ್ತದೆ. ಎರೆನೆಲದಲ್ಲಿ ಇಂಗುವುದು ನಿಧಾನ. ಅಲ್ಲಿ ಆ ನೀರನ್ನು ಬಾಳೆ, ತೆಂಗು, ಕೆಸುವಿನ ಪಾತಿಗೆ ಹರಿಸುವುದು ಲೇಸು. ಜಾಗವಿಲ್ಲದ ಓಣಿಗಳಲ್ಲಿ ಗಟಾರದ ಕೊನೆಗೆ ಜೊಂಡು ಬೆಳೆಸಿದ ಜಲ್ಲಿಹಾಸಿನ ಮೂಲಕ ಸೋಸಿ, ಆಮೇಲೆ ಹಳ್ಳಕ್ಕೆ ಬಿಡಬಹುದು.

ಕಪ್ಪುನೀರಿಗೆ ಜೋಡಿಗುಂಡಿ ಉತ್ತಮ. ಒಂದು ಸಲಕ್ಕೆ ಒಂದೇ ಗುಂಡಿ ಬಳಸಬೇಕು. ಅದು ತುಂಬಿದೊಡನೆ ನೀರನ್ನು ಎರಡನೆಯದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಡಬೇಕು. ಅಷ್ಟರಲ್ಲಿ ರೋಗಾಣುಗಳು ನಾಶವಾಗಿ, ಮಲವು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರಡಕ್ಕೂ ಒಟ್ಟಿಗೆ ನೀರು ಬಿಡುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಎರಡೂ ಹಸಿಯಾಗಿಯೇ ತುಂಬುತ್ತವೆ. ಗುಂಡಿಯು ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಲಿ. ಎರೆನೆಲದಲ್ಲಿ ಗುಂಡಿಯ ಸುತ್ತ ಸುಮಾರು 30 ಸೆಂಟಿಮೀಟರ್ ದಪ್ಪಕ್ಕೆ ಉಸುಕು ತುಂಬಬೇಕು. ಹಾನಗಲ್ಲ ಭಾಗದ ಭತ್ತದ ಬಯಲಿನಂತೆ ಮಳೆಗಾಲದಲ್ಲಿ ಅಂತರ್ಜಲ ಮೇಲೇರುವ ಕಡೆ ಗುಂಡಿಯ ಆಳ ತಗ್ಗಿಸಿ, ಬಾಯಿಯನ್ನು ನೆಲಮಟ್ಟಕ್ಕಿಂತ ಎತ್ತರಿಸಬೇಕು.

ಜೋಡಿಗುಂಡಿಯ ಹಿರಿಮೆ ಆರೋಗ್ಯಕ್ಕಷ್ಟೇ ಸೀಮಿತವಲ್ಲ. 2010ರ ಜುಲೈಯಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮ ಮೈಮೇಲೆಯೇ ಮಲ ಸುರಿದುಕೊಂಡು ತಮ್ಮ ನೋವನ್ನು ನಾಡಿಗೆ ತಿಳಿಸಿದರು. ಕೈಯಿಂದ ಮಲ ಬಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮುಚ್ಚಿದ ಗುಂಡಿಯೊಳಗಿನ ವಿಷಾನಿಲವು ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯಬಲ್ಲದು. ಆದ್ದರಿಂದ ಎಂತಹ ಸಂದರ್ಭದಲ್ಲಿಯೂ ಯಾರನ್ನೂ ಅದರೊಳಗೆ ಇಳಿಸಕೂಡದು. ಸೆಪ್ಟಿಕ್ ಟ್ಯಾಂಕ್ ತುಂಬಿದರೆ ಹೀರುಯಂತ್ರದ ವಾಹನವನ್ನೇ ಕರೆಸಬೇಕು.

ಕಾಯಕಕ್ಕೆ ಮೇಲು ಕೀಳಿಲ್ಲವೆಂದು ಶರಣರನ್ನು ನೆನೆಯುವ ನಾವು, ನಮ್ಮ ಮಲವನ್ನು ಇನ್ನೊಬ್ಬರ ಕೈಗೆ ಹಚ್ಚಿ ಶುಚಿಯಾದೆವೆಂದು ತಿಳಿಯುವುದು ಸಲ್ಲದು. ಈ ಮಳೆಗಾಲಕ್ಕೆ ಮುನ್ನ ನಮ್ಮ ನಮ್ಮ ಹಿತ್ತಲಿಗೆ ಹೋಗಿ, ಬಚ್ಚಲ ನೀರು ಎಲ್ಲಿ ನಿಲ್ಲುತ್ತದೆ, ಶೌಚದ ನೀರು ಎಲ್ಲಿ ಸೇರುತ್ತದೆ ಎಂದು ಒಮ್ಮೆ ನೋಡೋಣ. ಊರಿನ ಆರೋಗ್ಯ ಅಲ್ಲಿಂದಲೇ ಆರಂಭವಾಗುತ್ತದೆ.