ಬೀಟ್‌ರೂಟ್: ಸೊಪ್ಪನ್ನೂ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ

ಬೀಟ್‌ರೂಟ್ ಕೊಳ್ಳುವಾಗ ಸೊಪ್ಪಿರುವ ಕಟ್ಟನ್ನೇ ಆರಿಸಿ. ಇದು ಪಾಲಕ್ ಬಳಗದ ಗಿಡ. ಗೆಡ್ಡೆಗಿಂತ ಎಲೆಯಲ್ಲೇ ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚು. ಬೇಳೆ ಹಾಕಿ ಹುಳಿ ಮಾಡಿ, ರುಚಿಯಾಗಿರುತ್ತದೆ. ಗೆಡ್ಡೆಯನ್ನು ಸಿಪ್ಪೆ ಸಮೇತ, ಒಂದಂಗುಲ ತೊಟ್ಟು ಉಳಿಸಿ ಇಡಿಯಾಗಿ ಬೇಯಿಸಿದರೆ ಬಣ್ಣ ನೀರುಪಾಲಾಗುವುದಿಲ್ಲ. ಸಿಪ್ಪೆ ಆಮೇಲೆ ಬೆರಳಲ್ಲೇ ಜಾರುತ್ತದೆ.

ಕೆಂಪಗಿದೆ, ರಕ್ತ ಹೆಚ್ಚಿಸುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿದೆ. ಆ ಕೆಂಪು ಬೀಟಲೇನ್ ಎಂಬ ವರ್ಣದ್ರವ್ಯದ್ದು. 100 ಗ್ರಾಂ ಗೆಡ್ಡೆಯಲ್ಲಿ ಸುಮಾರು 0.8 ಮಿಲಿಗ್ರಾಂ ಕಬ್ಬಿಣವಷ್ಟೇ. ರಕ್ತಕಣಗಳಿಗೆ ಬೇಕಾದ ಫೋಲೇಟ್ ಮಾತ್ರ ಚೆನ್ನಾಗಿದೆ. ಹಾಗಾಗಿ ಜ್ಯೂಸ್ ನೆಚ್ಚಿಕೊಂಡು, ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಇದರ ನೈಟ್ರೇಟ್ ರಕ್ತನಾಳಗಳನ್ನು ಸಡಿಲಿಸಿ ರಕ್ತದೊತ್ತಡವನ್ನು ತುಸು ಇಳಿಸಬಲ್ಲದು. ಬಿಪಿ ಮಾತ್ರೆ ನುಂಗುವವರು ದಿನವೂ ಜ್ಯೂಸ್ ಕುಡಿಯುವ ಮುನ್ನ ವೈದ್ಯರನ್ನು ಕೇಳಿ. ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾದವರು ಮಿತವಾಗಿ ತಿನ್ನಿ. ತಿಂದ ಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ; ಎರಡು ದಿನವಾದರೂ ಹಾಗೇ ಇದ್ದರೆ ತೋರಿಸಿಕೊಳ್ಳಿ.

ಕಾಯಿತುರಿ ಉದುರಿಸಿ, ನಿಂಬೆ ಹಿಂಡಿ ಪಲ್ಯ ಮಾಡಿ. ಬೀಟ್‌ರೂಟಿಗೆ ಊಟದಲ್ಲಿ ಜಾಗ ಕೊಡಿ, ಔಷಧಿಯ ಜಾಗ ಕೊಡಬೇಡಿ.