ವಿಂಡೋಸ್ ಅಳವಡಿಕೆ ನಡುವೆ ನಿಂತಾಗ: ಡಿಸ್ಕ್ ಅಳಿಸುವ ಮುನ್ನ

ಗ್ರಾಮ ಪಂಚಾಯಿತಿ ಕಚೇರಿಗಳ ಡೆಸ್ಕ್‌ಟಾಪ್ ಗಣಕಯಂತ್ರಗಳಲ್ಲಿ ವಿಂಡೋಸ್ ಮರುಅಳವಡಿಸುವಾಗ, ಡಿಸ್ಕ್ ಆಯ್ಕೆಯ ಹಂತದಲ್ಲಿ ‘ಈ ಡಿಸ್ಕ್‌ನಲ್ಲಿ ಅಳವಡಿಸಲಾಗದು’ ಎಂಬರ್ಥದ ಸಂದೇಶ ಬಂದು ಕೆಲಸ ನಿಲ್ಲುವುದುಂಟು. ಇಷ್ಟರಿಂದಲೇ ಡಿಸ್ಕ್ ಕೆಟ್ಟಿದೆಯೆಂದು ಭಾವಿಸತಕ್ಕದ್ದಲ್ಲ. ಸಂದೇಶದ ವಿವರದಲ್ಲಿ ಎಂಬಿಆರ್ ಎಂಬ ಪದವಿದ್ದರೆ ಕಾರಣ ಸ್ಪಷ್ಟ: ಪೆನ್‌ಡ್ರೈವ್ ಯುಇಎಫ್‌ಐ ವಿಧಾನದಲ್ಲಿ ಆರಂಭಗೊಂಡಿದೆ, ಅದಕ್ಕೆ ಜಿಪಿಟಿ ಮಾದರಿಯ ಡಿಸ್ಕ್ ಬೇಕು, ಸದರಿ ಡಿಸ್ಕ್ ಹಳೆಯ ಎಂಬಿಆರ್ ಮಾದರಿಯದು.

ಇಂತಹ ಸಂದರ್ಭದಲ್ಲಿ ಎಲ್ಲ ವಿಭಾಗಗಳನ್ನೂ ಅಳಿಸಿ ಮುಂದುವರಿಯುವುದು ರೂಢಿ. ಅಳವಡಿಕೆಯೇನೋ ಸಲೀಸಾಗಿ ಮುಗಿಯುತ್ತದೆ. ಡಿ ಡ್ರೈವ್‌ನಲ್ಲಿದ್ದ ತೆರಿಗೆ ಬೇಡಿಕೆ ಪಟ್ಟಿ, ಸಭಾ ನಡವಳಿಗಳೂ ಅದರೊಡನೆ ಹೋಗುತ್ತವೆ. ಡಿಸ್ಕ್‌ಪಾರ್ಟ್‌ನ ಕ್ಲೀನ್ ಆದೇಶವಂತೂ ದೃಢೀಕರಣವನ್ನೂ ಕೇಳುವುದಿಲ್ಲ.

ಆದುದರಿಂದ ಮೊದಲು ಕಡತಗಳನ್ನು ಹೊರಡಿಸ್ಕ್‌ಗೆ ನಕಲಿಸತಕ್ಕದ್ದು. ಯಂತ್ರ ಹಳೆಯ ವಿಂಡೋಸ್‌ನಲ್ಲಿ ಆರಂಭವಾಗದಿದ್ದರೆ ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ನಕಲಿಸಬಹುದು. ನಕಲಿಸಿದ ಕಡತಗಳಲ್ಲಿ ಕೆಲವನ್ನಾದರೂ ತೆರೆದು ನೋಡುವುದು ಅಗತ್ಯ.

ತರುವಾಯ ಅಳವಡಿಕೆಯ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿ, ಎಂಬಿಆರ್2ಜಿಪಿಟಿ ಸಾಧನವನ್ನು ಮೊದಲು ವ್ಯಾಲಿಡೇಟ್, ಅದು ಯಶಸ್ವಿಯಾದರೆ ಮಾತ್ರ ಕನ್ವರ್ಟ್ ಸೂಚನೆಯೊಂದಿಗೆ ಚಲಾಯಿಸುವುದು. ಇದು ದತ್ತಾಂಶ ಅಳಿಸದೆ ಡಿಸ್ಕನ್ನು ಜಿಪಿಟಿಗೆ ಪರಿವರ್ತಿಸುತ್ತದೆ. ಮೂರಕ್ಕಿಂತ ಹೆಚ್ಚು ಪ್ರೈಮರಿ ವಿಭಾಗಗಳಿದ್ದರೆ, ಇಲ್ಲವೇ ಎಕ್ಸ್‌ಟೆಂಡೆಡ್ ವಿಭಾಗವಿದ್ದರೆ ಪರಿಶೀಲನೆ ವಿಫಲವಾಗುತ್ತದೆ. ಹಳೆಯ ಯಂತ್ರಗಳ ಡಿ ಡ್ರೈವ್ ಬಹುಮಟ್ಟಿಗೆ ಈ ಬಗೆಯದೇ. ಆಗ ವಿಭಾಗಗಳನ್ನು ಅಳಿಸುವುದು ಅನಿವಾರ್ಯ, ಆದರೆ ನಕಲು ಕೈಯಲ್ಲಿದ್ದ ಮೇಲೆಯೇ. ಪರಿವರ್ತನೆ ಯಶಸ್ವಿಯಾದಲ್ಲಿ ಯಂತ್ರವನ್ನು ಮತ್ತೆ ಪೆನ್‌ಡ್ರೈವ್‌ನಿಂದ ಯುಇಎಫ್‌ಐ ವಿಧಾನದಲ್ಲೇ ಆರಂಭಿಸಿ, ಹಳೆಯ ವಿಂಡೋಸ್ ಇದ್ದ ವಿಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಿ ಅಳವಡಿಕೆ ಮುಂದುವರಿಸುವುದು.